ಹದಿಮೂರು ಕೋಟಿಯಿಂದ ಭಾಗಿಸಿ

ಇಥಿಯೋಪಿಯಾದಲ್ಲಿ ಈವರೆಗೆ ಜನಗಣತಿ ನಡೆದದ್ದು ಮೂರೇ ಸಲ: 1984, 1994, 2007. ಕೊನೆಯ ಗಣತಿಯಲ್ಲಿ ಸಿಕ್ಕ ಲೆಕ್ಕ ಸುಮಾರು 7.4 ಕೋಟಿ. ನಾಲ್ಕನೆಯದು 2017ರಲ್ಲಿ ಆಗಬೇಕಿತ್ತು. ಭದ್ರತೆಯ ಕಾರಣಕ್ಕೆ ಮುಂದಕ್ಕೆ ಹೋಯಿತು, 2019ರಲ್ಲಿ ಮತ್ತೊಮ್ಮೆ ಮುಂದಕ್ಕೆ ಹೋಯಿತು. ಎಂಬತ್ತಕ್ಕೂ ಹೆಚ್ಚು ಭಾಷೆಗಳಿರುವ, ಜನಾಂಗಗಳ ಆಧಾರದ ಮೇಲೆಯೇ ಪ್ರಾಂತ್ಯಗಳನ್ನು ಕಟ್ಟಿಕೊಂಡಿರುವ ದೇಶ ಅದು. ಯಾರು ಎಷ್ಟು ಮಂದಿ ಎಂದು ಎಣಿಸುವುದೇ ಅಲ್ಲಿ ಜಗಳದ ಮೂಲವಾಗಬಲ್ಲದು. ಈಗ ವಿಶ್ವಸಂಸ್ಥೆಯ ಅಂದಾಜಿನಂತೆ ಜನಸಂಖ್ಯೆ 13 ಕೋಟಿ ದಾಟಿದೆ. 7.4ಕ್ಕೂ 13ಕ್ಕೂ ನಡುವೆ ಇರುವ ಐದೂವರೆ ಕೋಟಿಗೂ ಹೆಚ್ಚು ಜನರನ್ನು ಯಾವ ಗಣತಿದಾರನೂ ಬಾಗಿಲಿಗೆ ಬಂದು ಎಣಿಸಿಲ್ಲ.

1950ರಲ್ಲಿ ಅಲ್ಲಿ ಇದ್ದವರು ಹೆಚ್ಚುಕಡಿಮೆ 1.8 ಕೋಟಿ. ಆಗ ಹುಟ್ಟಿ ಇನ್ನೂ ಬದುಕಿರುವ ಅಜ್ಜಿಯೊಬ್ಬಳು ತನ್ನ ಒಂದೇ ಆಯುಸ್ಸಿನಲ್ಲಿ ದೇಶ ಏಳು ಪಟ್ಟು ಆದದ್ದನ್ನು ಕಂಡಿದ್ದಾಳೆ. ಈಗ ವರ್ಷಕ್ಕೆ 30 ಲಕ್ಷಕ್ಕೂ ಹೆಚ್ಚು ಜನ ಸೇರುತ್ತಿದ್ದಾರೆ. ಆಫ್ರಿಕಾದಲ್ಲಿ ನೈಜೀರಿಯಾ ಬಿಟ್ಟರೆ ಇದೇ ಅತಿ ಹೆಚ್ಚು ಜನರಿರುವ ದೇಶ. 1993ರಲ್ಲಿ ಎರಿಟ್ರಿಯಾ ಸ್ವತಂತ್ರವಾದಾಗ ಇದ್ದ ಕರಾವಳಿಯೂ ಕೈತಪ್ಪಿತು. ಹಾಗಾಗಿ ಸಮುದ್ರವೇ ಇಲ್ಲದ ದೇಶಗಳ ಪೈಕಿ ಜಗತ್ತಿನಲ್ಲೇ ಅತಿ ದೊಡ್ಡ ಜನಸಂಖ್ಯೆ ಇದರದು. ಗೋಧಿ, ಗೊಬ್ಬರ, ಡೀಸೆಲ್, ಲಾರಿಯ ಬಿಡಿಭಾಗ ಎಲ್ಲವೂ ಬಹುಪಾಲು ಪುಟ್ಟ ಜಿಬೂಟಿಯ ಬಂದರಿನಲ್ಲಿ ಇಳಿದು, ಅಲ್ಲಿಂದ ಸುಮಾರು 750 ಕಿಲೋಮೀಟರ್ ಬೆಟ್ಟ ಹತ್ತಿ, ಸಮುದ್ರಮಟ್ಟದಿಂದ 2,300 ಮೀಟರಿಗೂ ಎತ್ತರದಲ್ಲಿರುವ ಅಡಿಸ್ ಅಬಾಬಾ ತಲುಪಬೇಕು.

ಈ ದೇಶದ ಯಾವ ಅಂಕಿ ಕಣ್ಣಿಗೆ ಬಿದ್ದರೂ ಅದನ್ನು 13 ಕೋಟಿಯಿಂದ ಭಾಗಿಸಿ ನೋಡಬೇಕು. ಮೊತ್ತ ಯಾವಾಗಲೂ ದಿಗ್ಭ್ರಮೆ ಹುಟ್ಟಿಸುವಷ್ಟು ದೊಡ್ಡದು, ಪಾಲು ಎದೆ ಕುಸಿಯುವಷ್ಟು ಚಿಕ್ಕದು. ಎರಡನ್ನೂ ಒಟ್ಟಿಗೆ ಹಿಡಿದರೆ ಮಾತ್ರ ದೇಶ ಅರ್ಥವಾಗುತ್ತದೆ.

ಅಣೆಕಟ್ಟಿನಿಂದಲೇ ಶುರುಮಾಡೋಣ. ಸುಡಾನ್ ಗಡಿಯ ಹತ್ತಿರ, ಅಬಾಯ್ ನದಿಗೆ (ಹೊರಗಿನವರು ನೀಲಿ ನೈಲ್ ಎನ್ನುವುದು ಇದನ್ನೇ) ಅಡ್ಡಲಾಗಿ ಕಟ್ಟಿದ ಗ್ರ್ಯಾಂಡ್ ಇಥಿಯೋಪಿಯನ್ ರಿನೈಸಾನ್ಸ್ ಡ್ಯಾಮ್. ಶಂಕುಸ್ಥಾಪನೆ 2011ರ ಏಪ್ರಿಲ್ 2ರಂದು, ಉದ್ಘಾಟನೆ 2025ರ ಸೆಪ್ಟೆಂಬರ್ 9ರಂದು. ಎತ್ತರ 145 ಮೀಟರ್, ಮುಖ್ಯ ಗೋಡೆಯ ಉದ್ದ 1.8 ಕಿಲೋಮೀಟರ್, ಪಕ್ಕದ ತಗ್ಗನ್ನು ಮುಚ್ಚಲು ಇನ್ನೊಂದು ಐದು ಕಿಲೋಮೀಟರ್ ಒಡ್ಡು. ಜಲಾಶಯದಲ್ಲಿ ನಿಲ್ಲುವ ನೀರು 7,400 ಕೋಟಿ ಘನ ಮೀಟರ್. ನಮ್ಮ ಅಣೆಕಟ್ಟುಗಳನ್ನು ಅಳೆಯುವ ಮಾಪನದಲ್ಲಿ ಹೇಳುವುದಾದರೆ ಸುಮಾರು 2,600 ಟಿಎಂಸಿ. ನದಿ ಒಂದೂವರೆ ವರ್ಷ ಹರಿಸುವ ನೀರನ್ನು ಒಂದೇ ಕಡೆ ಹಿಡಿದಿಡಬಲ್ಲ ಪಾತ್ರೆ ಅದು. ಈಜಿಪ್ಟಿಗೆ ತಲುಪುವ ನೈಲ್ ನೀರಿನಲ್ಲಿ ನೂರಕ್ಕೆ 85ರಷ್ಟು ಇಥಿಯೋಪಿಯಾದ ಬೆಟ್ಟಗಳಿಂದಲೇ ಇಳಿಯುವಂಥದ್ದು. ಕೈರೋ ಈ ಕಾಮಗಾರಿಯನ್ನು ಆತಂಕದಿಂದ ನೋಡಿದ್ದು ಸುಮ್ಮನೆ ಅಲ್ಲ.

ನನ್ನನ್ನು ತಡೆದು ನಿಲ್ಲಿಸುವುದು ನೀರಿಗಿಂತ ಹಣದ ಲೆಕ್ಕ. ಖರ್ಚು 400ರಿಂದ 500 ಕೋಟಿ ಡಾಲರ್. ನೆರೆಯವರ ತಕರಾರು ಇರುವ ನದಿಯ ಮೇಲೆ ಕಟ್ಟಲು ವಿಶ್ವಬ್ಯಾಂಕಿನಂಥವರು ಸಾಲ ಕೊಡಲಿಲ್ಲ. ಸರ್ಕಾರ ಸ್ವಂತ ಬೊಕ್ಕಸ, ಸ್ವಂತ ಬ್ಯಾಂಕುಗಳನ್ನು ನೆಚ್ಚಿತು, ಜನರಿಗೆ ಬಾಂಡ್ ಮಾರಿತು. ಸರ್ಕಾರಿ ನೌಕರರು, ಶಿಕ್ಷಕರು ತಿಂಗಳ ಸಂಬಳದಷ್ಟು ಹಣವನ್ನು ಕಂತು ಕಂತಾಗಿ ಬಾಂಡಿಗೆ ಹಾಕಿದರು. ವಿದೇಶಗಳಲ್ಲಿ ಟ್ಯಾಕ್ಸಿ ಓಡಿಸುವವರು, ಮನೆಗೆಲಸ ಮಾಡುವವರು ಕಳಿಸಿದರು. ಈ ಮಟ್ಟದ ಬಡತನವಿರುವ ದೇಶವೊಂದು ಈ ಮಟ್ಟದ ಕಾಮಗಾರಿಯನ್ನು ಬಹುಪಾಲು ತನ್ನದೇ ಹಣದಲ್ಲಿ ಮುಗಿಸಿದ ಉದಾಹರಣೆಗಳು ಜಗತ್ತಿನಲ್ಲಿ ಬಹಳ ಸಿಗಲಾರವು.

ಈಗ ಭಾಗಿಸಿ. ಹದಿಮೂರು ಟರ್ಬೈನುಗಳು, 5,150 ಮೆಗಾವ್ಯಾಟ್, ವರ್ಷಕ್ಕೆ ಸುಮಾರು 1,570 ಕೋಟಿ ಯೂನಿಟ್ ಎಂಬುದು ಯೋಜನೆಯ ಲೆಕ್ಕ. ತಲೆಗೆ ಬರುವುದು ವರ್ಷಕ್ಕೆ 120 ಯೂನಿಟ್, ತಿಂಗಳಿಗೆ ಹತ್ತು. ಆಫ್ರಿಕಾದ ಅತಿ ದೊಡ್ಡ ಜಲವಿದ್ಯುತ್ ಸ್ಥಾವರದ ಅಷ್ಟೂ ವಿದ್ಯುತ್ತು ಒಳಗೇ ಉಳಿದು, ಒಂದಿಷ್ಟೂ ಸೋರದೆ, ಎಲ್ಲರಿಗೂ ಸಮನಾಗಿ ಹಂಚಿಹೋದರೆ ಸಿಗುವ ಪಾಲು ಅಷ್ಟು. ವಾಸ್ತವದಲ್ಲಿ ಹಾಗೆ ಹಂಚಿಹೋಗುವುದಿಲ್ಲ. ದೇಶದ ಹೆಚ್ಚುಕಡಿಮೆ ಅರ್ಧ ಜನರ ಮನೆಗೆ ಇನ್ನೂ ತಂತಿಯೇ ಬಂದಿಲ್ಲ. ಅಡುಗೆ ನಡೆಯುವುದು ಸೌದೆಯಲ್ಲಿ, ಬೆರಣಿಯಲ್ಲಿ, ಇದ್ದಿಲಿನಲ್ಲಿ.

ಇನ್ನೊಂದು ಜೋಡಿ ಅಂಕಿ. ಇಥಿಯೋಪಿಯನ್ ಏರ್‌ಲೈನ್ಸ್ 1945ರಲ್ಲಿ ಹುಟ್ಟಿದ, ಪೂರ್ತಿ ಸರ್ಕಾರಿ ಒಡೆತನದ ಸಂಸ್ಥೆ. ಅರಸೊತ್ತಿಗೆ ಹೋಯಿತು, ಸೈನಿಕರ ಮಾರ್ಕ್ಸ್‌ವಾದಿ ಆಡಳಿತ ಬಂತು, ಕ್ಷಾಮ ಬಂತು, ಅಂತರ್ಯುದ್ಧ ಬಂತು, ವಿಮಾನ ಮಾತ್ರ ಹಾರುತ್ತಲೇ ಇತ್ತು. ಇವತ್ತು ಅದು ಆಫ್ರಿಕಾದ ಅತಿ ದೊಡ್ಡ ವಿಮಾನ ಸಂಸ್ಥೆ. 2023-24ರಲ್ಲಿ ಅದರ ಆದಾಯ ಸುಮಾರು 700 ಕೋಟಿ ಡಾಲರ್, ಪ್ರಯಾಣಿಕರು 1.7 ಕೋಟಿ. ಅದೇ ಆರ್ಥಿಕ ವರ್ಷದ ನಡುವೆ, 2023ರ ಡಿಸೆಂಬರಿನಲ್ಲಿ, ಆ ಸಂಸ್ಥೆಯ ಒಡೆಯನಾದ ಸರ್ಕಾರ 100 ಕೋಟಿ ಡಾಲರಿನ ವಿದೇಶಿ ಬಾಂಡಿನ ಮೇಲೆ ಕಟ್ಟಬೇಕಿದ್ದ 3.3 ಕೋಟಿ ಡಾಲರ್ ಬಡ್ಡಿಯನ್ನು ಕಟ್ಟದೆ ಸುಸ್ತಿಯಾಯಿತು. ಸಾಲ ಕೊಟ್ಟ ಎಲ್ಲರನ್ನೂ ಸಮನಾಗಿ ಕಾಣಬೇಕೆಂದು ಹೀಗೆ ಮಾಡಿದೆವು ಎಂಬುದು ಸರ್ಕಾರದ ಸಮಜಾಯಿಷಿ. ಕಟ್ಟದ ಬಡ್ಡಿಯನ್ನು ಜನಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಕಾಲು ಡಾಲರ್. ಇಪ್ಪತ್ತು ರೂಪಾಯಿಯ ಆಸುಪಾಸು.

2024ರ ಜುಲೈಯಲ್ಲಿ ಬಿರ್ ಕರೆನ್ಸಿಯನ್ನು ಮಾರುಕಟ್ಟೆಗೆ ಬಿಟ್ಟರು. ಡಾಲರಿಗೆ 57 ಇದ್ದದ್ದು ಕೆಲವೇ ವಾರಗಳಲ್ಲಿ 100 ದಾಟಿತು. ಬಿರ್ ಲೆಕ್ಕದಲ್ಲಿ ಸಂಬಳ ಪಡೆಯುವ ಮೇಷ್ಟರ ಕೈಯಲ್ಲಿನ ಡಾಲರ್ ಬೆಲೆ ಒಂದೇ ಮಳೆಗಾಲದಲ್ಲಿ ಅರ್ಧಕ್ಕೆ ಇಳಿಯಿತು. ಹಾಗಿದ್ದೂ 2000ದ ಹೊತ್ತಿಗೆ 150 ಡಾಲರ್ ಕೂಡ ಇರದಿದ್ದ ತಲಾ ವಾರ್ಷಿಕ ಉತ್ಪನ್ನ ಈಗ ಸಾವಿರದ ಆಸುಪಾಸಿನಲ್ಲಿದೆ ಎಂಬುದನ್ನು ಮರೆಯಬಾರದು. ಏರಿದ್ದೂ ನಿಜ, ಏರಿದ ಮೇಲೂ ಜಗತ್ತಿನ ಬಡ ದೇಶಗಳ ಸಾಲಿನಲ್ಲೇ ಇರುವುದೂ ನಿಜ.

ಜನರಲ್ಲಿ ಬಹುಪಾಲು ಇನ್ನೂ ಹೊಲದಲ್ಲಿದ್ದಾರೆ. ಅವರ ಮುಖ್ಯ ಬೆಳೆ ಟೆಫ್. ನಾವು ತಿನ್ನುವ ಯಾವ ಧಾನ್ಯವೂ ಇಷ್ಟು ಸಣ್ಣದಿಲ್ಲ. ಒಂದು ಗ್ರಾಂ ತೂಗಬೇಕಾದರೆ ಎರಡೂವರೆ-ಮೂರು ಸಾವಿರ ಕಾಳು ಬೇಕು. ಅಂಗೈಯಲ್ಲಿ ಹಾಕಿಕೊಂಡರೆ ಗೆರೆಗಳೊಳಗೆ ಇಳಿದು ಕೂರುತ್ತದೆ, ಉಸಿರು ಜೋರಾದರೆ ಹಾರಿಹೋಗುತ್ತದೆ. ಇಷ್ಟು ಸಣ್ಣ ಬೀಜ ಹೆಂಟೆಗಳ ಸಂದಿಗೆ ಬಿದ್ದರೆ ಮೇಲೆ ಬರುವುದಿಲ್ಲ. ಅದಕ್ಕೇ ರೈತ ಒಂದು ಜೊತೆ ಎತ್ತು ಮತ್ತು ಮರೆಶಾ ಎಂಬ ಮರದ ನೇಗಿಲಿನಿಂದ ಹೊಲವನ್ನು ಮೂರು, ನಾಲ್ಕು, ಐದು ಸಲ ಉಳುತ್ತಾನೆ. ಆಮೇಲೆ ದನ-ಆಡುಗಳನ್ನು ಹೊಡೆದು ತುಳಿಸಿ ನೆಲವನ್ನು ಗಟ್ಟಿ ಮಾಡುತ್ತಾನೆ, ನಂತರ ಬೀಜ ಚೆಲ್ಲುತ್ತಾನೆ. 60 ಲಕ್ಷಕ್ಕೂ ಹೆಚ್ಚು ರೈತ ಕುಟುಂಬಗಳು, ಸುಮಾರು 30 ಲಕ್ಷ ಹೆಕ್ಟೇರಿನಲ್ಲಿ, ವರ್ಷ ವರ್ಷ ಮಾಡುವ ಕೆಲಸ ಇದು. ಸಿಕ್ಕ ಕಾಳನ್ನು ಬೀಸಿ, ಹಿಂದಿನ ಹಿಟ್ಟಿನ ಮೇಲೆ ನಿಂತ ಹಳದಿ ಹುಳಿನೀರು ಬೆರೆಸಿ, ಎರಡು-ಮೂರು ದಿನ ಹುದುಗಿಸಿ, ಅಗಲವಾದ ಮಣ್ಣಿನ ಕಾವಲಿಯ ಮೇಲೆ ಸುರುಳಿಯಾಗಿ ಹುಯ್ದರೆ ಇಂಜೆರಾ. ಮಿತಾದ್ ಎಂಬ ಆ ಕಾವಲಿಯ ಅಡ್ಡಳತೆ ಎರಡಡಿಗೆ ಸಮೀಪ. ಇಡೀ ಮನೆ ಒಂದೇ ತಟ್ಟೆಯ ಸುತ್ತ ಕೂತು ತಿನ್ನುತ್ತದೆ. ನಮ್ಮ ರಾಗಿಯ ಮೂಲ ನೆಲೆಯೂ ಇಥಿಯೋಪಿಯಾದಿಂದ ಉಗಾಂಡಾವರೆಗಿನ ಅದೇ ಎತ್ತರದ ಪ್ರದೇಶ. ಅಲ್ಲಿ ಅದರ ಹೆಸರು ದಗುಸಾ. ಚಿಕ್ಕಮಗಳೂರು-ಕೊಡಗಿನ ಅರೇಬಿಕಾದ ಪೂರ್ವಜರೂ ಆ ದೇಶದ ನೈರುತ್ಯದ ಕಾಡಿನವರೇ. ಬಾಬಾ ಬುಡನ್ ತಂದರೆಂಬ ಯೆಮೆನ್ನಿನ ಬೀಜಗಳಿಗೂ ತವರು ಅದೇ.

ಹೊಲದ ಲೆಕ್ಕ ಹೇಳುವಾಗ ಬೆಂಗಳೂರನ್ನು ಬಿಡಲಾಗದು. ಇಥಿಯೋಪಿಯಾದ ಬಹುತೇಕ ರೈತ ಕುಟುಂಬಗಳ ಹಿಡುವಳಿ ಒಂದು ಹೆಕ್ಟೇರಿನ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಭೂಮಿಯ ಒಡೆತನವೆಲ್ಲ ಸರ್ಕಾರದ್ದು, ರೈತನಿಗಿರುವುದು ಉಳುವ ಹಕ್ಕು ಮಾತ್ರ. 2010ರ ಹೊತ್ತಿಗೆ ಬೆಂಗಳೂರು ಮೂಲದ ಕರುತುರಿ ಗ್ಲೋಬಲ್ ಎಂಬ ಗುಲಾಬಿ ಕಂಪನಿಗೆ ಪಶ್ಚಿಮದ ಗಂಬೆಲ್ಲಾದಲ್ಲಿ 1 ಲಕ್ಷ ಹೆಕ್ಟೇರ್, ಎಂದರೆ ಸುಮಾರು 2.47 ಲಕ್ಷ ಎಕರೆ, ಗುತ್ತಿಗೆಗೆ ಸಿಕ್ಕಿತು. ಬಾಡಿಗೆ ಹೆಕ್ಟೇರಿಗೆ ವರ್ಷಕ್ಕೆ 20 ಬಿರ್, ಆಗಿನ ದರದಲ್ಲಿ ಒಂದು ಡಾಲರಿಗಿಂತ ತುಸು ಹೆಚ್ಚು. ಭತ್ತ, ಕಬ್ಬು, ಎಣ್ಣೆತಾಳೆ, ಮೆಕ್ಕೆಜೋಳ ಬೆಳೆದು ಜಗತ್ತಿಗೆ ಮಾರುವ ಕನಸು ಬಾರೋ ನದಿಯ ಪ್ರವಾಹಕ್ಕೆ ಸಿಕ್ಕಿತು. 2015ರ ಕೊನೆಯಲ್ಲಿ ಸರ್ಕಾರ ಗುತ್ತಿಗೆ ರದ್ದು ಮಾಡಿತು, ಸಾಗುವಳಿಯಾದದ್ದು 1,200 ಹೆಕ್ಟೇರ್ ಮಾತ್ರ ಎಂದಿತು. ಶೇಕಡ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಆ ನೆಲದಲ್ಲಿ ದನ ಮೇಯಿಸುತ್ತಿದ್ದ, ಮೀನು ಹಿಡಿಯುತ್ತಿದ್ದ ಅನುವಾಕ್ ಮತ್ತು ನುವೆರ್ ಜನರಿಗೆ ಹೆಕ್ಟೇರ್ ಎಂಬ ಅಳತೆ ಕಾಗದದ ಮೇಲೆ ಬಂದದ್ದು ಅಡಿಸ್ ಅಬಾಬಾದಿಂದ. ಅವರನ್ನು ಕೇಳಿ ನಡೆದ ವ್ಯವಹಾರ ಇದಾಗಿರಲಿಲ್ಲ ಎಂಬುದು ಇವತ್ತಿಗೂ ನೋಯಿಸುವ ಸಂಗತಿ.

ಇಥಿಯೋಪಿಯಾ ಎಂದೊಡನೆ ನಮ್ಮ ತಲೆಮಾರಿಗೆ ನೆನಪಾಗುವುದು 1984ರ ಬರದ ಚಿತ್ರಗಳು. ಸತ್ತವರು ಕಡಿಮೆಯೆಂದರೆ ನಾಲ್ಕು ಲಕ್ಷ. ಹತ್ತು ಲಕ್ಷ ಎನ್ನುವವರೂ ಇದ್ದಾರೆ. ಮಳೆ ಕೈಕೊಟ್ಟದ್ದಷ್ಟೇ ಕಾರಣವಲ್ಲ. ಉತ್ತರದಲ್ಲಿ ಯುದ್ಧ ನಡೆಯುತ್ತಿತ್ತು, ಬಂಡುಕೋರರ ಸೀಮೆಗೆ ಧಾನ್ಯ ಹೋಗದಂತೆ ತಡೆದಿದ್ದರು, ರಾಜಧಾನಿಯಲ್ಲಿ ಅರಸೊತ್ತಿಗೆಯನ್ನು ಕೆಡವಿದ ಕ್ರಾಂತಿಯ ಹತ್ತನೇ ವರ್ಷಾಚರಣೆಯ ಸಡಗರ ನಡೆದಿತ್ತು. ಇದರ ಪಕ್ಕ 2015-16ನ್ನು ಇಟ್ಟು ನೋಡಿ. ಎಲ್ ನಿನೊ ಬಂದು ದಶಕಗಳಲ್ಲೇ ಭೀಕರವಾದ ಬರ ಬಿತ್ತು. ತುರ್ತು ಆಹಾರ ಬೇಕಾದವರು 1.02 ಕೋಟಿ. ಅವರಲ್ಲದೆ ಸರ್ಕಾರದ ಸುರಕ್ಷಾ ಯೋಜನೆಯ ಮೇಲೆ ಮೊದಲಿನಿಂದಲೇ ನಿಂತಿದ್ದವರು ಇನ್ನೂ 80 ಲಕ್ಷದ ಹತ್ತಿರ. ಒಟ್ಟು 1.8 ಕೋಟಿ ಹೊಟ್ಟೆಗಳು. ಹಸಿವಿತ್ತು, ದನಗಳು ಸತ್ತವು, ಮಕ್ಕಳು ಬಡಕಲಾದರು. ಆದರೆ 1984ರಂತೆ ಜನ ಲಕ್ಷಗಟ್ಟಲೆ ಸಾಯಲಿಲ್ಲ. 2005ರಲ್ಲಿ ಶುರುವಾದ ಆ ಯೋಜನೆಯಲ್ಲಿ ವರ್ಷದ ಆರು ತಿಂಗಳು, ತಿಂಗಳಿಗೆ ಐದು ದಿನದಂತೆ ಕೆಲಸ: ಬೆಟ್ಟಕ್ಕೆ ಕಲ್ಲಿನ ಕಟ್ಟೆ, ನೀರಿಂಗಿಸುವ ಗುಂಡಿ, ಊರಿನ ರಸ್ತೆ. ಕೂಲಿ ಕಾಳಿನಲ್ಲಿ ಅಥವಾ ದುಡ್ಡಿನಲ್ಲಿ. ದುಡಿಯಲಾಗದ ಮುದುಕರಿಗೆ, ಬಸುರಿಯರಿಗೆ ಕೆಲಸವಿಲ್ಲದೆಯೇ ಪಾಲು. ಬರ ಬಂದ ಮೇಲೆ ಪಟ್ಟಿ ಬರೆಯಲು ಕೂರಲಿಲ್ಲ, ಪಟ್ಟಿ ಮೊದಲೇ ಇತ್ತು.

ಅಲ್ಲಿಯ ಸರ್ಕಾರ ಹೇಳುವ ಅಂಕಿಯೆಲ್ಲ ನಂಬುವಂಥದ್ದಲ್ಲ. 2019ರ ಜುಲೈ 29ರಂದು ಹನ್ನೆರಡೇ ಗಂಟೆಯಲ್ಲಿ 35 ಕೋಟಿಗೂ ಹೆಚ್ಚು ಸಸಿ ನೆಟ್ಟೆವೆಂದು ಘೋಷಿಸಿದರು. ಲೆಕ್ಕ ಹಾಕಿದರೆ ಸೆಕೆಂಡಿಗೆ ಎಂಟು ಸಾವಿರ ಸಸಿ. ಅದನ್ನು ಕೂತು ಎಣಿಸಿದವರು ಯಾರು ಎಂಬುದಕ್ಕೆ ಉತ್ತರ ಸಿಕ್ಕಿಲ್ಲ. ಮಕ್ಕಳ ಸಾವಿನ ಅಂಕಿ ಹಾಗಲ್ಲ. ಅದು ಸಾವಿರಾರು ಮನೆಗಳಿಗೆ ಹೋಗಿ, ತಾಯಂದಿರನ್ನು ಕೂರಿಸಿ, ಎಷ್ಟು ಹೆತ್ತಿರಿ, ಎಷ್ಟು ಉಳಿದವು ಎಂದು ಕೇಳಿ ಬರೆದುಕೊಂಡದ್ದು. ಐದು ವರ್ಷ ತುಂಬುವ ಮೊದಲೇ ಸಾಯುವ ಮಕ್ಕಳು ಸಾವಿರಕ್ಕೆ 2000ದ ಸಮೀಕ್ಷೆಯಲ್ಲಿ 166, 2005ರಲ್ಲಿ 123, 2011ರಲ್ಲಿ 88, 2016ರಲ್ಲಿ 67. 1990ರಲ್ಲಿ ಅದು 200ರ ಮೇಲಿತ್ತು, ಹುಟ್ಟಿದ ಐದರಲ್ಲಿ ಒಂದು. ಮೂರನೇ ಎರಡರಷ್ಟು ಇಳಿಸಬೇಕೆಂಬ ವಿಶ್ವಸಂಸ್ಥೆಯ ಗುರಿಯನ್ನು ಇಥಿಯೋಪಿಯಾ ಗಡುವಿಗೆ ಮೂರು ವರ್ಷ ಮೊದಲೇ ಮುಟ್ಟಿತು. ಈಗ ಸಾವಿರಕ್ಕೆ 50ರ ಆಸುಪಾಸು.

ಇದನ್ನು ಗುಣಿಸಿ ನೋಡಬೇಕು. ವರ್ಷಕ್ಕೆ ಸುಮಾರು 40 ಲಕ್ಷ ಮಕ್ಕಳು ಹುಟ್ಟುತ್ತಾರೆ. 1990ರ ಸ್ಥಿತಿಯೇ ಇದ್ದಿದ್ದರೆ ಅವರಲ್ಲಿ ಎಂಟು ಲಕ್ಷ ಮಕ್ಕಳು ಐದನೇ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. ಈಗ ಸಾಯುವವರು ಎರಡು ಲಕ್ಷ. ಆ ಎರಡು ಲಕ್ಷವೆಂದರೂ ದಿನಕ್ಕೆ ಐನೂರಕ್ಕೂ ಹೆಚ್ಚು, ಅದನ್ನು ಸಣ್ಣದೆನ್ನಲು ನನ್ನಿಂದಾಗದು. ಉಳಿದ ಆರು ಲಕ್ಷ ಮಕ್ಕಳು ಬದುಕುತ್ತಿದ್ದಾರೆ. ಪ್ರತಿ ವರ್ಷ. ಈ ದೇಶದ ಅಂಕಿಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಅಣೆಕಟ್ಟಿನ ಹೆಸರು ಗೊತ್ತಿರುವವರಿಗೂ ಈ ಅಂಕಿ ಗೊತ್ತಿರುವುದಿಲ್ಲ.

ಇದು ಆದದ್ದು ದೊಡ್ಡ ಆಸ್ಪತ್ರೆಗಳಿಂದ ಅಲ್ಲ. ಈ ಶತಮಾನದ ಆರಂಭದಲ್ಲಿ ಅಲ್ಲಿ 30 ಸಾವಿರಕ್ಕೂ ಹೆಚ್ಚು ಜನರಿಗೆ ಒಬ್ಬ ವೈದ್ಯ. ಡಾಕ್ಟರುಗಳು ತಯಾರಾಗುವವರೆಗೆ ಕಾಯುವುದಾದರೆ ಒಂದು ತಲೆಮಾರು ಕಾಯಬೇಕಿತ್ತು. 2003ರಲ್ಲಿ ಸರ್ಕಾರ ಬೇರೆ ದಾರಿ ಹಿಡಿಯಿತು. ಸುಮಾರು ಐದು ಸಾವಿರ ಜನರಿರುವ ಪ್ರತಿ ಕೆಬೆಲೆಗೆ (ನಮ್ಮ ಗ್ರಾಮ ಪಂಚಾಯಿತಿಯಂಥ ಘಟಕ) ಇಬ್ಬರು ಹುಡುಗಿಯರು. ಹತ್ತನೇ ಕ್ಲಾಸು ಮುಗಿಸಿರಬೇಕು, ಅದೇ ಸೀಮೆಯವರಾಗಿರಬೇಕು, ಅಲ್ಲಿಯ ಭಾಷೆ ಆಡಬೇಕು. ಒಂದು ವರ್ಷ ತರಬೇತಿ, ಆಮೇಲೆ ಸಂಬಳದ ಸರ್ಕಾರಿ ನೌಕರಿ. ಗೌರವಧನವಲ್ಲ, ಸಂಬಳ. ಇದು ದೊಡ್ಡ ವ್ಯತ್ಯಾಸ. ಏಳೆಂಟು ವರ್ಷಗಳಲ್ಲಿ 30 ಸಾವಿರಕ್ಕೂ ಹೆಚ್ಚು ಮಂದಿ ತಯಾರಾದರು, ಮುಂದೆ 40 ಸಾವಿರದ ಹತ್ತಿರ ಹೋದರು. ಅವರಿಗಾಗಿ 15 ಸಾವಿರಕ್ಕೂ ಹೆಚ್ಚು ಚಿಕ್ಕ ಚಿಕ್ಕ ಆರೋಗ್ಯ ಠಾಣೆಗಳು ಎದ್ದವು. ಆ ವರ್ಷಗಳಲ್ಲಿ ಆರೋಗ್ಯ ಸಚಿವರಾಗಿದ್ದವರು ಟೆಡ್ರೋಸ್ ಅಧನೋಮ್, ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದವರು.

ಆ ಠಾಣೆಯ ಒಳಗೆ ಇರುವುದು ಹೆಚ್ಚೇನಲ್ಲ. ಗೋಡೆಯುದ್ದಕ್ಕೂ ಕಪಾಟು, ಅದರಲ್ಲಿ ಊರಿನ ಪ್ರತಿ ಮನೆಗೂ ಒಂದು ರಟ್ಟಿನ ಲಕೋಟೆ. ಮೇಲೆ ಮನೆಯ ವಿವರ: ಪಾಯಿಖಾನೆ ಇದೆಯೇ, ನೀರು ಎಲ್ಲಿಂದ, ಸೊಳ್ಳೆಪರದೆ ಎಷ್ಟು. ಒಳಗೆ ಒಬ್ಬೊಬ್ಬರಿಗೂ ಕಾರ್ಡು. ಮೇಜಿನ ಮೇಲೆ ತಿಂಗಳಿಗೊಂದು ಖಾನೆಯಿರುವ ಮರದ ಪೆಟ್ಟಿಗೆ. ಯಾವ ಮಗುವಿಗೆ ಮುಂದಿನ ತಿಂಗಳು ಲಸಿಕೆಯೋ, ಯಾವ ಬಸುರಿಯನ್ನು ಮತ್ತೆ ನೋಡಬೇಕೋ ಅವರ ಕಾರ್ಡು ಮುಂದಿನ ಖಾನೆಗೆ ಹೋಗುತ್ತದೆ. ತಿಂಗಳು ಮುಗಿದಾಗ ಖಾನೆಯಲ್ಲಿ ಕಾರ್ಡು ಉಳಿದಿದ್ದರೆ ಅವರು ಬಂದಿಲ್ಲ ಎಂದರ್ಥ, ಠಾಣೆಯ ಹುಡುಗಿಯೇ ಅವರ ಮನೆಗೆ ನಡೆಯಬೇಕು. ಕೆಲಸದ ಮುಕ್ಕಾಲು ಹೊತ್ತು ಮನೆಮನೆ ಸುತ್ತಾಟ. ಮಲೇರಿಯಾ ಪರೀಕ್ಷೆ, ಗರ್ಭನಿರೋಧಕ ಇಂಜೆಕ್ಷನ್, ಮಗುವಿನ ಉಸಿರು ಎಣಿಸಿ ನ್ಯುಮೋನಿಯಾಕ್ಕೆ ಔಷಧಿ. 2000ದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಎಂಟು ಮಂದಿ ಗರ್ಭನಿರೋಧಕ ಬಳಸುತ್ತಿದ್ದರು, 2019ರಲ್ಲಿ 41. ಆಸ್ಪತ್ರೆ ಅಥವಾ ಆರೋಗ್ಯ ಕೇಂದ್ರದಲ್ಲಿ ಹೆರಿಗೆ ನೂರಕ್ಕೆ ಐದು ಇದ್ದದ್ದು 48ಕ್ಕೆ ಬಂತು. ಒಬ್ಬ ತಾಯಿಗೆ ಸರಾಸರಿ ಏಳು ಮಕ್ಕಳಿದ್ದ ಕಾಲ ಹೋಗಿ ಈಗ ನಾಲ್ಕು. ಸರಾಸರಿ ಆಯುಸ್ಸು ಮೂವತ್ತು ವರ್ಷಗಳಲ್ಲಿ ಇಪ್ಪತ್ತು ವರ್ಷದಷ್ಟು ಬೆಳೆಯಿತು.

ಕಟ್ಟಿದ್ದನ್ನು ಕೆಡಹುವುದು ಎಷ್ಟು ಬೇಗ ಆಗುತ್ತದೆ ಎಂಬುದಕ್ಕೂ ಅಲ್ಲೇ ಲೆಕ್ಕವಿದೆ. 2019ರಲ್ಲಿ ಪ್ರಧಾನಿ ಅಬಿ ಅಹ್ಮದ್ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. 2020ರ ನವೆಂಬರಿನಲ್ಲಿ ಉತ್ತರದ ಟಿಗ್ರೇ ಪ್ರಾಂತ್ಯದಲ್ಲಿ ಯುದ್ಧ ಶುರುವಾಯಿತು. ನಾಲ್ಕು ತಿಂಗಳಲ್ಲಿ, ಗಡಿಗಳಿಲ್ಲದ ವೈದ್ಯರು ಸಂಸ್ಥೆ ಅಲ್ಲಿ ಹೋಗಿ ನೋಡಿದ 106 ಆರೋಗ್ಯ ಕೇಂದ್ರಗಳಲ್ಲಿ ಸಹಜವಾಗಿ ನಡೆಯುತ್ತಿದ್ದವು ನೂರಕ್ಕೆ 13 ಮಾತ್ರ. ಬಹುಪಾಲನ್ನು ಲೂಟಿ ಮಾಡಿದ್ದರು, ಹಲವನ್ನು ಒಡೆದಿದ್ದರು. 2021ರ ಒಂದೇ ವರ್ಷದಲ್ಲಿ ಸಂಘರ್ಷದಿಂದಾಗಿ ದೇಶದೊಳಗೆ ನೆಲೆ ತಪ್ಪಿದ ಪ್ರಕರಣಗಳು 51 ಲಕ್ಷ. ಅಲ್ಲಿಯವರೆಗೆ ಯಾವ ದೇಶದಲ್ಲೂ ಒಂದು ವರ್ಷದಲ್ಲಿ ಅಷ್ಟು ದಾಖಲಾಗಿರಲಿಲ್ಲ. ಎರಡು ವರ್ಷದ ಯುದ್ಧದಲ್ಲಿ ಸತ್ತವರು ಆರು ಲಕ್ಷದವರೆಗೂ ಇರಬಹುದು ಎಂದವರು ಸಂಧಾನ ನಡೆಸಿದ ಒಲುಸೆಗುನ್ ಒಬಾಸಾಂಜೊ.

ಆರೋಗ್ಯ ಠಾಣೆಯ ಹುಡುಗಿಯರು ಮೊದಲು ಕೆಲಸಕ್ಕೆ ಇಳಿದಾಗ, 2004ರ ಆಸುಪಾಸು, ಹುಟ್ಟಿದ ಮಕ್ಕಳು 2022ರಲ್ಲಿ ಹನ್ನೆರಡನೇ ತರಗತಿ ಮುಗಿಸುವ ವಯಸ್ಸಿಗೆ ಬಂದರು. 1991ರಲ್ಲಿ ಇಡೀ ದೇಶಕ್ಕೆ ಎರಡು ವಿಶ್ವವಿದ್ಯಾಲಯಗಳಿದ್ದವು, ಈ ಹೊತ್ತಿಗೆ ನಲವತ್ತು ದಾಟಿದ್ದವು. ಪ್ರಶ್ನೆಪತ್ರಿಕೆ ಸೋರಿಕೆ, ನಕಲು ತಡೆಯಲು ಆ ವರ್ಷ ಪರೀಕ್ಷೆಯನ್ನು ವಿಶ್ವವಿದ್ಯಾಲಯಗಳ ಆವರಣಕ್ಕೇ ಕರೆಸಿ ನಡೆಸಿದರು. ಬರೆದವರು ಸುಮಾರು 9 ಲಕ್ಷ. ಅರ್ಧದಷ್ಟು ಅಂಕ ಗಳಿಸಿದವರು 30 ಸಾವಿರದ ಆಸುಪಾಸು, ನೂರಕ್ಕೆ 3.3. ಒಬ್ಬ ವಿದ್ಯಾರ್ಥಿಯೂ ಆ ಗೆರೆ ದಾಟದ ಶಾಲೆಗಳು ಸಾವಿರಕ್ಕೂ ಹೆಚ್ಚು. ಈ ಫಲಿತಾಂಶದಲ್ಲಿ ಮಕ್ಕಳ ತಪ್ಪು ಹುಡುಕುವವರು ಲೆಕ್ಕ ತಪ್ಪುತ್ತಾರೆ. 90ರ ದಶಕದ ನಡುವಿನಲ್ಲಿ 30 ಲಕ್ಷದಷ್ಟು ಮಕ್ಕಳಿದ್ದ ಪ್ರಾಥಮಿಕ ಶಾಲೆಗಳು ಎರಡು ದಶಕದಲ್ಲಿ 2 ಕೋಟಿ ಮಕ್ಕಳನ್ನು ಒಳಗೆ ಕರೆದುಕೊಂಡವು. ಬೆಂಚು, ಪುಸ್ತಕ, ಮೇಷ್ಟರು ಆ ವೇಗದಲ್ಲಿ ಬರಲಿಲ್ಲ. ಆಮೇಲೆ ಎರಡು ವರ್ಷ ಕೊರೋನಾ ಮತ್ತು ಯುದ್ಧ.

ಆ ಪರೀಕ್ಷೆ ಬರೆದವರು ಈಗ ಕೆಲಸ ಹುಡುಕುವ ವಯಸ್ಸಿನಲ್ಲಿದ್ದಾರೆ. ವರ್ಷಕ್ಕೆ ಸುಮಾರು 20 ಲಕ್ಷ ಯುವಜನ ದುಡಿಮೆಯ ವಯಸ್ಸಿಗೆ ಬಂದು ನಿಲ್ಲುತ್ತಾರೆ. ಅವರಿಗಾಗಿ ಕಟ್ಟಿದ ಅತಿ ಹೆಸರಾದ ಜಾಗ ಹವಾಸ್ಸಾ ಕೈಗಾರಿಕಾ ಪಾರ್ಕ್. 2016ರಲ್ಲಿ ತೆರೆದ ಗಾರ್ಮೆಂಟ್ ಶೆಡ್ಡುಗಳ ಊರು ಅದು, 60 ಸಾವಿರ ಕೆಲಸಗಳ ಗುರಿ. 2019ರಲ್ಲಿ ಅಲ್ಲಿ ಹೊಲಿಗೆಗೆ ಸೇರುವ ಹುಡುಗಿಯ ಆರಂಭದ ಸಂಬಳ ತಿಂಗಳಿಗೆ 26 ಡಾಲರ್, ಜಗತ್ತಿನ ಗಾರ್ಮೆಂಟ್ ಉದ್ಯಮದಲ್ಲೇ ಅತಿ ಕಡಿಮೆ. ಖಾಸಗಿ ವಲಯಕ್ಕೆ ಕನಿಷ್ಠ ಕೂಲಿ ಕಾನೂನೇ ಇರಲಿಲ್ಲ. ಹಳ್ಳಿಯಿಂದ ಬಂದವಳು ಕೋಣೆ ಬಾಡಿಗೆ, ಊಟ ಕಳೆದರೆ ಕೈಯಲ್ಲಿ ಉಳಿಯದೆ ಕೆಲವೇ ತಿಂಗಳಲ್ಲಿ ಬಿಟ್ಟುಹೋಗುತ್ತಿದ್ದಳು. 20 ಲಕ್ಷವನ್ನು 60 ಸಾವಿರದಿಂದ ಭಾಗಿಸಿದರೆ 33. ವರ್ಷಕ್ಕೆ 33 ಹವಾಸ್ಸಾಗಳು ಬೇಕು. ದೇಶದಲ್ಲಿ ಇಂಥ ಪಾರ್ಕುಗಳು ಒಟ್ಟು ಒಂದು ಡಜನ್ ಲೆಕ್ಕದಲ್ಲಿವೆ, ಹವಾಸ್ಸಾ ಕೂಡ ತನ್ನ ಗುರಿ ಮುಟ್ಟಲಿಲ್ಲ. ಯುದ್ಧದ ಕಾರಣ ಕೊಟ್ಟು ಅಮೆರಿಕ 2022ರ ಜನವರಿ 1ರಿಂದ ಇಥಿಯೋಪಿಯಾದ ಸುಂಕರಹಿತ ರಫ್ತು ಸೌಲಭ್ಯವನ್ನು ಕಿತ್ತುಕೊಂಡಿತು. ಅದಕ್ಕೂ ಮೊದಲೇ, 2021ರ ನವೆಂಬರಿನಲ್ಲಿ, ಪಾರ್ಕಿನ ದೊಡ್ಡ ಹೆಸರಾಗಿದ್ದ ಅಮೆರಿಕದ ಪಿವಿಎಚ್ ತನ್ನ ಕಾರ್ಖಾನೆ ಮುಚ್ಚುವುದಾಗಿ ಹೇಳಿ ಹೊರಟಿತ್ತು.